ಗಡಸು ನೀರಿನ ಊರಿನಲ್ಲಿ ಎಸ್ಪ್ರೆಸೊ

ಕಲಬುರಗಿಯಲ್ಲಿ ಮನೆಯಲ್ಲೇ ಎಸ್ಪ್ರೆಸೊ, ಎಂದರೆ ಬಿಸಿನೀರನ್ನು ಒತ್ತಡದಿಂದ ಪುಡಿಯ ಮೂಲಕ ಹಾಯಿಸಿ ಇಳಿಸುವ ಗಟ್ಟಿ ಕಾಫಿ, ಮಾಡಬೇಕೆನ್ನುವವರು ಯಂತ್ರದ ಬೆಲೆ ಕೇಳುವ ಮೊದಲು ತಮ್ಮ ನೀರನ್ನು ಪರೀಕ್ಷಿಸಬೇಕೆಂದು ನಾನು ಹೇಳುತ್ತೇನೆ. ಶಹಾಬಾದ್, ಸೇಡಂ, ಚಿತ್ತಾಪುರದ ಸುತ್ತಲೆಲ್ಲ ಸುಣ್ಣಕಲ್ಲಿನ ನೆಲ. ನಮ್ಮ ಬೋರ್‌ವೆಲ್ಲಿನ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಅದೇ ಹಕ್ಕಳೆ ಬಾಯ್ಲರಿನ ಒಳಗೆ ಕಟ್ಟಿದರೆ ಸಣ್ಣ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಅಲ್ಲದೆ ಗಡಸು ನೀರಿನಲ್ಲಿರುವ ಕ್ಷಾರವು ಅರೇಬಿಕಾ ಕಾಫಿಬೀಜದ ಹಿತವಾದ ಹುಳಿಯನ್ನು ನುಂಗಿ, ಕಾಫಿಯನ್ನು ಸಪ್ಪೆ ಮಾಡುತ್ತದೆ.

ಹಾಗೆಂದು ಬರೀ ಆರ್‌ಒ ನೀರು ಹಾಕಿದರೂ ಆಗುವುದಿಲ್ಲ. ಲವಣವೇ ಇಲ್ಲದ ನೀರು ಪುಡಿಯಿಂದ ರುಚಿಯನ್ನು ಚೆನ್ನಾಗಿ ಎಳೆದುಕೊಳ್ಳುವುದಿಲ್ಲ. ನಾನು ಆರ್‌ಒ ನೀರಿಗೆ ಸೋಸಿದ ಬೋರ್‌ವೆಲ್ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಟಿಡಿಎಸ್ ಮೀಟರ್ 150ರ ಆಸುಪಾಸು ತೋರಿಸಿದಾಗ ನಿಲ್ಲಿಸುತ್ತೇನೆ. ಆ ಮೀಟರ್ ಒಟ್ಟು ಲವಣವನ್ನು ಹೇಳುತ್ತದೆಯೇ ಹೊರತು ಅದರಲ್ಲಿ ಸುಣ್ಣದ ಪಾಲೆಷ್ಟೆಂದು ಹೇಳುವುದಿಲ್ಲವಾದ್ದರಿಂದ, ಯಂತ್ರದ ಕೈಪಿಡಿಯಲ್ಲಿ ಸೂಚಿಸಿದ ದ್ರಾವಣದಿಂದ ಬಾಯ್ಲರನ್ನು ಆಗಾಗ ತೊಳೆಯುವುದನ್ನು ಮಾತ್ರ ತಪ್ಪಿಸುವಂತಿಲ್ಲ.

ಬೀಜ ಚಿಕ್ಕಮಗಳೂರಿನದು: ಹೆಚ್ಚಿನ ಪಾಲು ಅರೇಬಿಕಾ, ನೊರೆ ದಟ್ಟವಾಗಲೆಂದು ತುಸು ರೋಬಸ್ಟಾ. ಚಿಕೋರಿ ಬೇಡವೇ ಬೇಡ. ಹುರಿದ ಕೂಡಲೇ ಬಳಸಿದರೆ ಬೀಜದೊಳಗಿನ ಅನಿಲದಿಂದ ಧಾರೆ ಚದುರುತ್ತದೆ. ಒಂದು ವಾರ ಬಿಟ್ಟರೆ ಹದಕ್ಕೆ ಬರುತ್ತದೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ ದೊಡ್ಡ ಪೊಟ್ಟಣ ತರಿಸದಿರುವುದೇ ಲೇಸು.

ನಿಜವಾದ ಕೆಲಸವಿರುವುದು ಗ್ರೈಂಡರಿನಲ್ಲಿ. 18 ಗ್ರಾಂ ಪುಡಿಯನ್ನು ಯಂತ್ರದ ಜರಡಿಬುಟ್ಟಿಯಲ್ಲಿ ಸಮನಾಗಿ ಹರಡಿ, ಟ್ಯಾಂಪರಿನಿಂದ ಓರೆಯಾಗದಂತೆ ಒತ್ತಿ, ಕಪ್ಪನ್ನು ತಕ್ಕಡಿಯ ಮೇಲಿಟ್ಟು ಯಂತ್ರವನ್ನು ಚಾಲೂ ಮಾಡುತ್ತೇನೆ. ಸುಮಾರು 9 ಬಾರ್ ಒತ್ತಡದಲ್ಲಿ, 93 ಡಿಗ್ರಿಯ ಆಸುಪಾಸಿನ ನೀರು ಪುಡಿಯನ್ನು ಹಾದು ಬರುವಾಗ ಮೊದಲು ಕಪ್ಪನೆಯ ಹನಿಗಳು ಇಳಿಯುತ್ತವೆ. ಅವು ಕೂಡಿ ಕೆಂಗಂದು ಬಣ್ಣದ ಎಳೆಯಾಗುತ್ತವೆ. ಕೊನೆಗೆ ಎಳೆ ತೆಳುವಾಗಿ ಹಳದಿಗೆ ತಿರುಗುತ್ತದೆ. 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿದರೆ ಹದ ಸರಿಯಾಗಿದೆ ಎಂದರ್ಥ. 15 ಸೆಕೆಂಡಿಗೇ ಇಳಿದುಬಿಟ್ಟರೆ ಹುಳಿ ಮುಂದಾಗುತ್ತದೆ, ಪುಡಿ ಇನ್ನೂ ನುಣ್ಣಗಾಗಬೇಕು. ತೊಟ್ಟಿಕ್ಕುತ್ತಾ 40 ಸೆಕೆಂಡು ದಾಟಿದರೆ ಕಹಿ, ಪುಡಿ ತರಿಯಾಗಬೇಕು. ಪುಡಿಯ ತೂಕ, ಒತ್ತುವ ಬಲ, ಅರೆಯುವ ಹದ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಆದ್ದರಿಂದ ನಾನು ಅರೆಯುವ ಹದವೊಂದನ್ನೇ ಬದಲಿಸುತ್ತೇನೆ. ಮಳೆಗಾಲ ಹಿಡಿದಾಗಲೂ ಈ ಹದವನ್ನು ಮತ್ತೆ ಹುಡುಕಬೇಕಾಗುತ್ತದೆ.

ಚಹಾ ಕುಡಿದು ಬೆಳೆದ ನಮ್ಮ ಕಡೆಯವರಿಗೆ ಇದನ್ನು ಕೊಡುವ ರೀತಿಯೂ ಮುಖ್ಯ. ಬಾಜೂ ಮನೆಯ ಕಾಕಾ ಪುಟ್ಟ ಕಪ್ಪು ನೋಡಿ, "ಇಷ್ಟ ಏನಪಾ ತಮ್ಮಾ?" ಎಂದು ಕೇಳಿದ್ದರು. ಈಗ ಮೊದಲು ತಣ್ಣೀರು ಕೊಟ್ಟು, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಕಪ್ಪಿನಲ್ಲಿ ಕಾಫಿ ಇಳಿಸಿ, ಕೂಡಲೇ ಕೈಗೆ ಕೊಡುತ್ತೇನೆ; ಆರಿದರೆ ಅದರ ಪರಿಮಳ ಇರುವುದಿಲ್ಲ. ಹಿರಿಯರಿಗೆ ಅದೇ ಕಾಫಿಗೆ ಹಬೆಯಲ್ಲಿ ಕಾಯಿಸಿದ ಹಾಲನ್ನು ಸೇರಿಸುತ್ತೇನೆ. ಎಮ್ಮೆಯ ಹಾಲು ಕಾಫಿಯ ರುಚಿಯನ್ನು ಮುಚ್ಚಿಬಿಡುವುದರಿಂದ ಆಕಳ ಹಾಲೇ ಮೇಲು. ಜಗ್ಗನ್ನು ಅಂಗೈಯಿಂದ ಹಿಡಿಯಲಾಗದಷ್ಟು ಬಿಸಿಯಾದ ಕೂಡಲೇ, ಎಂದರೆ 60-65 ಡಿಗ್ರಿಗೆ, ಹಬೆ ನಿಲ್ಲಿಸಬೇಕು. ಮೀರಿದರೆ ಹಾಲಿನ ಸಹಜ ಸಿಹಿ ಹೋಗಿ ಕಾಯಿಸಿದ ವಾಸನೆ ಬರುತ್ತದೆ. ಹಬೆಯ ನಳಿಕೆಯನ್ನು ಹಾಲು ಒಣಗುವ ಮುನ್ನವೇ ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಹಬೆ ಬಿಟ್ಟು ಇಡುತ್ತೇನೆ.