ವಾರದ ಪಟ್ಟಿಯಲ್ಲಿ ಅತಿಥಿಗೊಂದು ತಟ್ಟೆ

ಮುಂಬಯಿಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಭಾನುವಾರದ ಆರಾಧನೆ ಮುಗಿದು ಹೊರಗೆ ಬಂದವರು ಪರಸ್ಪರ ಹೇಳಿಕೊಳ್ಳುವ ಮಾತು ‘ಒಮ್ಮೆ ಮನೆಗೆ ಬನ್ನಿ’. ಹೇಳುವವರಿಗೆ ಮನಸ್ಸಿರುತ್ತದೆ. ಆದರೆ ಚಿಕ್ಕ ಮನೆ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಲೋಕಲ್ ರೈಲಿನ ದಣಿವು ಇವೆಲ್ಲದರ ಜೊತೆಗೆ, ಅತಿಥಿ ಬಂದರೆ ನಾಲ್ಕು ಬಗೆ ಮಾಡಲೇಬೇಕೆಂಬ ಅಳುಕೂ ಸೇರಿ ಆ ದಿನ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಕೆಲಸಕ್ಕೆಂದು ಊರು ಬಿಟ್ಟು ಬಂದು ಇಲ್ಲಿ ಒಲೆ ಹೂಡಿರುವ ಯುವಜನರಿಗೂ, ಇಲ್ಲೇ ಹುಟ್ಟಿ ಈಗಷ್ಟೇ ಅಮ್ಮನ ಅಡುಗೆಮನೆಗೆ ಕೈ ಹಾಕುತ್ತಿರುವವರಿಗೂ ನಾನು ಹೇಳುವುದು ಇಷ್ಟೇ: ಅತಿಥಿಸತ್ಕಾರವನ್ನು ವಾರದ ಅಡುಗೆಯ ಲೆಕ್ಕದೊಳಗೆ ತನ್ನಿ. ಗೊಣಗದೆ ಸತ್ಕರಿಸಿರಿ ಎಂದು ಬೈಬಲಿನಲ್ಲಿ ಪೇತ್ರನ ಮೊದಲನೆಯ ಪತ್ರಿಕೆ ಹೇಳುತ್ತದೆ. ಗೊಣಗಾಟ ಬಹುಪಾಲು ಹುಟ್ಟುವುದು ಸಿದ್ಧತೆಯಿಲ್ಲದ ಅಡುಗೆಮನೆಯಲ್ಲಿ.

ಮೊದಲ ಹೆಜ್ಜೆ: ಶನಿವಾರದ ಪಟ್ಟಿ

ಶನಿವಾರ ಸಂಜೆ ವಾರದ ಅಡುಗೆಯ ಪಟ್ಟಿ ಬರೆಯಲು ಅರ್ಧ ಗಂಟೆ ತೆಗೆದಿಡಿ. ಏನು ತಿನ್ನಬೇಕೆಂದು ಯೋಚಿಸುವ ಮೊದಲು ಮನೆಯಲ್ಲಿ ಏನಿದೆಯೆಂದು ನೋಡಿ. ಬಾಡುತ್ತಿರುವ ಸೊಪ್ಪು ಸೋಮವಾರಕ್ಕೆ, ಗಟ್ಟಿಯಾದ ಸೌತೆಕಾಯಿ, ಕುಂಬಳಕಾಯಿ ವಾರದ ಕೊನೆಗೆ. ಕಚೇರಿಯಿಂದ ತಡವಾಗಿ ಬರುವ ದಿನಗಳಿಗೆ ಗಂಜಿ, ಚಟ್ನಿ, ಒಂದು ಪಲ್ಯ ಸಾಕು. ತೆಂಗಿನಕಾಯಿ ಮಸಾಲೆಯನ್ನು ಒಂದೇ ಸಲ ಎರಡು ಅಡುಗೆಗಾಗುವಷ್ಟು ರುಬ್ಬಿ, ಅರ್ಧವನ್ನು ಫ್ರೀಜರಿನಲ್ಲಿಡಿ. ಹುಣಸೆಹುಳಿ ಹಾಕಿದ ಬಂಗುಡೆ ಪುಳಿಮುಂಚಿ ಮರುದಿನ ಇನ್ನೂ ರುಚಿ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಹಿಂದಿನ ರಾತ್ರಿಯೇ ಮಾಡಿ ತಣಿಸಿ ಫ್ರಿಜ್ಜಿನಲ್ಲಿಟ್ಟರೆ ಭಾನುವಾರದ ಬೆಳಗು ಹಗುರ.

ದಿಢೀರನೆ ಬರುವವರಿಗಾಗಿ ಕಪಾಟಿನಲ್ಲಿ ಕೋರಿ ರೊಟ್ಟಿಯ (ತೆಳ್ಳನೆಯ ಒಣ ಅಕ್ಕಿರೊಟ್ಟಿ) ಒಂದು ಪೊಟ್ಟಣ ಇರಲಿ. ಗಾಳಿಯಾಡದಂತೆ ಇಟ್ಟರೆ ವಾರಗಟ್ಟಲೆ ಗರಿಗರಿಯಾಗಿರುತ್ತದೆ. ಮಾಟುಂಗದಲ್ಲೂ ಉಪನಗರಗಳ ಮಂಗಳೂರು ಅಂಗಡಿಗಳಲ್ಲೂ ಸಿಗುತ್ತದೆ. ಕೋಳಿಸಾರು ಇಲ್ಲದಿದ್ದರೆ ಮೊಟ್ಟೆಸಾರೂ ಅದಕ್ಕೆ ಒಪ್ಪುತ್ತದೆ.

ಪಟ್ಟಿಗೆ ಕಾಲದ ಅರಿವೂ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಮಹಾರಾಷ್ಟ್ರದ ಕಡಲಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ಕೈಗೆಟುಕುವುದಿಲ್ಲ. ಆಗ ಕಾಳು, ಮೊಟ್ಟೆ, ಒಣಮೀನು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಗಳಲ್ಲಿ ಮಾಂಸ ಬಿಡುವ ಮನೆಗಳಿವೆ, ಶುಕ್ರವಾರ ಮಾತ್ರ ಬಿಡುವ ಮನೆಗಳೂ ಇವೆ. ಹಾಗೆ ಉಳಿದ ಹಣವನ್ನು ಒಂದು ಲಕೋಟೆಯಲ್ಲಿ ಬೇರೆಯಾಗಿ ಇಡಿ. ಉಪವಾಸದ ಬಗ್ಗೆ ಮಾತಾಡುವ, ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ ಹಸಿದವರೊಂದಿಗೆ ರೊಟ್ಟಿ ಹಂಚಿಕೊಳ್ಳುವುದನ್ನೇ ಉಪವಾಸವೆಂದು ಕರೆಯುತ್ತದೆ. ಅತಿಥಿಯ ಊಟಕ್ಕೆ ಆ ಲಕೋಟೆಗಿಂತ ಒಳ್ಳೆಯ ಹಣ ಇನ್ನೊಂದಿಲ್ಲ.

ಅಳತೆ

ಹೊಸಬರು ಎಡವುವುದು ಇಲ್ಲೇ. ಒಬ್ಬರಿಗೆ ಸುಮಾರು 80 ಗ್ರಾಂ ಅಕ್ಕಿ. ಕುಚ್ಚಲಕ್ಕಿ ಉಂಡು ಬೆಳೆದವರಾದರೆ 100 ಗ್ರಾಂ ಹಿಡಿಯಿರಿ. ಬೇಳೆ ತಲೆಗೆ 30ರಿಂದ 40 ಗ್ರಾಂ. ಮೂಳೆಸಹಿತ ಒಂದು ಕಿಲೋ ಕೋಳಿ ನಾಲ್ಕೈದು ಮಂದಿಗೆ ಆಗುತ್ತದೆ. ಇಡ್ಲಿಗೆ ಒಂದು ಪಾವು ಉದ್ದು, ಎರಡು ಪಾವು ಅಕ್ಕಿತರಿ. ಮನೆಮಂದಿ ಮೂವರಾದರೆ ಭಾನುವಾರ ನಾಲ್ವರ ಲೆಕ್ಕದಲ್ಲಿ ಅಕ್ಕಿ ತೊಳೆಯಿರಿ, ಯಾರನ್ನೂ ಕರೆದಿರದಿದ್ದರೂ ಸರಿ. ಆರಾಧನೆಯಲ್ಲಿ ಹೊಸ ಮುಖ ಕಂಡಾಗ ‘ಇವತ್ತೇ ಬನ್ನಿ’ ಎನ್ನುವ ಧೈರ್ಯ ಬರುವುದು ಆ ಒಂದು ಹಿಡಿ ಅಕ್ಕಿಯಿಂದ.

ಬಗೆಗಳನ್ನು ಹೆಚ್ಚಿಸಬೇಡಿ. ಮಮ್ರೆಯ ಮರದಡಿಯಲ್ಲಿ ಅಬ್ರಹಾಮನು ಮೂವರು ಅಪರಿಚಿತರಿಗೆ ತುಸು ರೊಟ್ಟಿ ತರುತ್ತೇನೆಂದು ಹೇಳಿ, ಆಮೇಲೆ ಎಳೆಗರುವಿನ ಮಾಂಸ, ಮೊಸರು, ಹಾಲು ತಂದಿಟ್ಟ ಕಥೆ ಬೈಬಲಿನ ಆದಿಕಾಂಡದಲ್ಲಿದೆ. ಕರೆಯುವಾಗ ಅವನಂತೆ ಕಡಿಮೆ ಹೇಳಿ. ‘ಗಂಜಿ ಊಟಕ್ಕೆ ಬನ್ನಿ’ ಎಂದರೆ ಬರುವವರಿಗೂ ಸಂಕೋಚವಿಲ್ಲ, ನಿಮಗೂ ಭಾರವಿಲ್ಲ.

ಯಾರನ್ನು ಕರೆಯುವುದು

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಬಿಡುತ್ತಾರೆ ಎನ್ನುವುದೇ ನನಗೆ ನೋವು. ತಿರುಗಿ ಕರೆಯಬಲ್ಲ ಬಂಧುಗಳನ್ನೂ ಸಿರಿವಂತ ನೆರೆಯವರನ್ನೂ ಕರೆಯುವುದಕ್ಕಿಂತ, ಮರಳಿ ಕೊಡಲಾಗದ ಬಡವರನ್ನು ಕರೆಯಬೇಕೆಂದು ಯೇಸು ಹೇಳಿದ್ದು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ಮುಂಬಯಿಯಲ್ಲಿ ಅಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹಾಸ್ಟೆಲಿನಲ್ಲಿರುವ ನರ್ಸಿಂಗ್ ವಿದ್ಯಾರ್ಥಿನಿ, ಡೊಂಬಿವಲಿಯ ಕೋಣೆಯೊಂದರಲ್ಲಿ ಐವರ ಜೊತೆ ಮಲಗುವ ಹೋಟೆಲ್ ಹುಡುಗ, ಮಕ್ಕಳೆಲ್ಲ ಪರದೇಶದಲ್ಲಿರುವ ಅಜ್ಜಿ. ಲಿಫ್ಟ್ ಇಲ್ಲದ ಕಟ್ಟಡದಿಂದ ಇಳಿಯಲಾಗದವರಿಗೆ ಊಟದ ಕ್ಯಾರಿಯರ್ ಹೊತ್ತು ನೀವೇ ಹೋಗಿ, ಕೂತು ಜೊತೆಯಲ್ಲೇ ಉಣ್ಣಿರಿ. ಬಾಗಿಲಲ್ಲಿ ಕೊಟ್ಟು ಬರುವುದು ಅರ್ಧ ಕೆಲಸ.

ಬೇರೆ ಧರ್ಮದ ನೆರೆಯವರನ್ನು ಕರೆಯುವಾಗ ಮೊದಲೇ ಕೇಳಿ ತಿಳಿಯಿರಿ. ಜೈನರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ತಿನ್ನದವರು ಬಹಳ, ಸೂರ್ಯಾಸ್ತದ ಮೇಲೆ ಉಣ್ಣದವರೂ ಇದ್ದಾರೆ. ಮುಸ್ಲಿಂ ಗೆಳೆಯರಿಗೆ ಹಲಾಲ್ ಮಾಂಸ ಬೇಕು. ಸಸ್ಯಾಹಾರಿಗಳಿಗೆ ಪಾತ್ರೆ, ಸೌಟುಗಳೂ ಬೇರೆಯಿರಲಿ. ಅದನ್ನು ಅವರಿಗೆ ಹೇಳಿಬಿಡಿ, ನಿಶ್ಚಿಂತೆಯಿಂದ ಉಣ್ಣುತ್ತಾರೆ. ಊಟದ ಪ್ರಾರ್ಥನೆಯನ್ನು ಬಿಡಬೇಕಿಲ್ಲ, ನಾಲ್ಕು ವಾಕ್ಯದಲ್ಲಿ ಮುಗಿಸಿ. ತಟ್ಟೆಯ ಮುಂದೆ ಕೂರಿಸಿಕೊಂಡು ಉಪದೇಶ ಮಾಡುವುದು ಮಾತ್ರ ನನಗೆ ಸರಿಕಾಣುವುದಿಲ್ಲ.

ಆ ದಿನ

ನೀರು ಬರುವ ಹೊತ್ತಿಗೆ ಕುಡಿಯುವ ನೀರನ್ನೂ ಪಾತ್ರೆ ತೊಳೆಯುವ ನೀರನ್ನೂ ತುಂಬಿಸಿಡಿ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಭಾನುವಾರ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದ್ದರೆ ಅತಿಥಿ ತಡವಾಗುವುದು ಖಂಡಿತ. ಬ್ಲಾಕ್ ಯಾವ ಮಾರ್ಗದಲ್ಲಿದೆಯೆಂದು ಹಿಂದಿನ ದಿನವೇ ನೋಡಿ ಅವರಿಗೂ ತಿಳಿಸಿ. ಬಿಸಿಯಾಗಿಯೇ ಬಡಿಸಬೇಕಾದ ಹುರಿದ ಮೀನು, ಹಪ್ಪಳಗಳನ್ನು ಅವರು ಬಂದು ಪುನರ್ಪುಳಿ ಶರಬತ್ತು ಕುಡಿಯುವಾಗ ಮಾಡಿದರೆ ಸಾಕು.

ಆಮೇಲೆ ಒಲೆ ಆರಿಸಿ ನೀವೂ ಕುಳಿತುಕೊಳ್ಳಿ. ಯೇಸು ಮನೆಗೆ ಬಂದಾಗ ಮಾರ್ಥಳು ಅಡುಗೆಯ ಗಡಿಬಿಡಿಯಲ್ಲಿ ಮುಳುಗಿ, ಆತನ ಮಾತು ಕೇಳುತ್ತ ಕುಳಿತಿದ್ದ ಸಹೋದರಿ ಮರಿಯಳ ಮೇಲೆ ದೂರು ಹೇಳಿದ ಪ್ರಸಂಗವನ್ನು ಹೆಣ್ಣುಮಕ್ಕಳಿಗಷ್ಟೇ ಓದಿ ಹೇಳುವ ರೂಢಿ ನಮ್ಮಲ್ಲಿದೆ. ಹುಡುಗರೂ ಕೇಳಬೇಕಾದ ಪ್ರಸಂಗ ಅದು: ಮನೆಯ ಮಗ ಬಡಿಸಿ ಪಾತ್ರೆ ತೊಳೆದರೆ ತಂಗಿಗೂ ಅತಿಥಿಯ ಮಾತು ಕೇಳಲು ಸಿಗುತ್ತದೆ.

ಉಳಿದ ಅನ್ನವನ್ನು ಸೆಕೆಯಲ್ಲಿ ಹೊರಗಿಡಬೇಡಿ. ಎರಡು ಗಂಟೆಯೊಳಗೆ ಅಗಲ ಪಾತ್ರೆಯಲ್ಲಿ ಹರಡಿ ತಣಿಸಿ ಫ್ರಿಜ್ಜಿಗೆ ಸೇರಿಸಿ, ಸೋಮವಾರದ ಬುತ್ತಿಗೆ ಚಿತ್ರಾನ್ನವಾಗುತ್ತದೆ. ಎಷ್ಟು ಉಳಿಯಿತು, ಏನು ಸಾಲದಾಯಿತು, ಯಾರು ಏನು ತಿನ್ನುವುದಿಲ್ಲ ಎಂಬುದನ್ನು ಪಟ್ಟಿಯ ಹಿಂಬದಿಯಲ್ಲೇ ಬರೆದಿಡಿ.