‘ಆಯ್ತು ಸಾರ್’ ಅಂದ್ರೆ ಏನು ಅಂತ ತಿಳಿಯೋಕೆ ನನಗೆ 70 ಸಾವಿರ ಖರ್ಚಾಯ್ತು

ನಾನು ಕಟ್ಟಡ ಕಾಂಟ್ರಾಕ್ಟರ್. ಮೋಲ್ಡ್ ದಿನ, ಅಂದರೆ ಛಾವಣಿಗೆ ಕಾಂಕ್ರೀಟ್ ಹಾಕೋ ದಿನ, ಬೆಳಿಗ್ಗೆ ಏಳೂವರೆಗೆ ಸೈಟಿಗೆ ಹೋದೆ. ಕಾಂಕ್ರೀಟ್ ಪಂಪ್ ರೆಡಿಯಾಗಿ ನಿಂತಿದೆ, ಆರ್‌ಎಂಸಿ ಲಾರಿ, ಅಂದರೆ ಪ್ಲಾಂಟಲ್ಲೇ ಕಲಸಿದ ಕಾಂಕ್ರೀಟ್ ತರೋ ಲಾರಿ, ಎರಡು ಬಂದಿವೆ, ಮೂರನೆಯದು ದಾರಿಯಲ್ಲಿದೆ. ಮೇಲೆ ಹತ್ತಿ ನೋಡಿದರೆ ಹಿತ್ತಲ ಕಡೆಯ ಬಾತ್‌ರೂಮಿಗೆ ಸಂಕನ್ (ಪೈಪಿಗಾಗಿ ಸ್ಲ್ಯಾಬನ್ನ ತಗ್ಗಿಸೋದು) ಇಳಿಸಿಯೇ ಇಲ್ಲ. ಪಕ್ಕದ ರೂಮಿನ ಲೆವೆಲ್ಲಿಗೇ ಸೆಂಟ್ರಿಂಗ್ ಶೀಟ್ (ಕಾಂಕ್ರೀಟ್ ಹಿಡಿಯೋ ಅಚ್ಚು) ಹೊಡೆದು, ಮೇಲೆ ಕಂಬಿನೂ ಕಟ್ಟಿ ಮುಗಿಸಿದ್ದಾರೆ.

ಮುಂಚಿನ ದಿನ ಸಂಜೆ ಫೋನಲ್ಲಿ ಕೇಳಿದ್ದೆ. “ಹಿಂದಿನ ಬಾತ್‌ರೂಮ್ ಸಂಕನ್ ಆಯ್ತಾ ಮೇಸ್ತ್ರಿ?” “ಆಯ್ತು ಸಾರ್.”

ಬಿಚ್ಚಿ ಇಳಿಸೋಕೆ ಕನಿಷ್ಠ ನಾಲ್ಕು ಗಂಟೆ ಬೇಕು, ಲಾರಿಯಲ್ಲಿರೋ ಮಾಲು ಪ್ಲಾಂಟ್ ಬಿಟ್ಟ ಎರಡು ಗಂಟೆಯೊಳಗೆ ಸುರೀಬೇಕು, ರೋಡ್ ಕಡೆಯಿಂದ ಶುರು ಮಾಡೋಣ ಅಂದರೆ ಹಳೇ-ಹೊಸ ಕಾಂಕ್ರೀಟ್ ಮಧ್ಯೆ ಜಾಯಿಂಟ್ ಬರುತ್ತೆ ಅಂತ ಇಂಜಿನಿಯರ್ ಒಪ್ಪಲಿಲ್ಲ. ಒಂದು ಲೋಡನ್ನ ಗೆಳೆಯನೊಬ್ಬ ತನ್ನ ಕಾಂಪೌಂಡ್ ಪಾಯಕ್ಕೆ ಅರ್ಧ ರೇಟಿಗೆ ಹಾಕಿಸಿಕೊಂಡ. ಇನ್ನೊಂದು ಗುಂಡಿ ಪಾಲು. ಮೂರನೆಯದನ್ನ ದಾರಿಯಿಂದಲೇ ಬೇರೆ ಕಡೆ ತಿರುಗಿಸಿದರು, ಪುಣ್ಯ. ಪಂಪ್ ಬಾಡಿಗೆ, ಆಳು ಕೂಲಿ ಎಲ್ಲ ಸೇರಿ 70 ಸಾವಿರದ ಹತ್ತಿರ ಹೋಯ್ತು.

ಆವತ್ತು ಮೇಸ್ತ್ರಿ ಮೇಲೆ ಕೂಗಾಡಿದೆ. ಸುಳ್ಳು ಹೇಳಿದ ಅಂತಲೇ ತಿಳಿದಿದ್ದೆ. ಅವನ ಪ್ರಕಾರ ‘ಹಿಂದಿನ’ ಅಂದರೆ ಮೊದಲು ಮಾಡಿದ್ದು, ಅಂದರೆ ರೋಡ್ ಕಡೆಯದು. ಅದಕ್ಕೆ ಸಂಕನ್ ಇಳಿಸಿ ಎರಡು ದಿನವಾಗಿತ್ತು. ಅವನು ನಿಜವನ್ನೇ ಹೇಳಿದ್ದ. ಇದು ನನಗೆ ಗೊತ್ತಾಗಿದ್ದು ವಾರದ ಮೇಲೆ, ಟೀ ಅಂಗಡಿಯಲ್ಲಿ. ಇನ್ನು ‘ಆಯ್ತು’ ಅನ್ನೋ ಪದ ನೋಡಿ. ಮಾಡಿದೆ ಅಂತಾನೂ ಆಗುತ್ತೆ, ಮಾಡ್ತೀನಿ ಅಂತಾನೂ ಆಗುತ್ತೆ, ನೀವು ಫೋನ್ ಇಟ್ರೆ ಸಾಕು ಅಂತಾನೂ ಆಗುತ್ತೆ!

ಆಮೇಲೆ ಏನೇನೋ ಮಾಡಿದೆ. ವಾಟ್ಸಾಪ್ ಗ್ರೂಪ್ ಮಾಡಿ ವಾಯ್ಸ್ ಮೆಸೇಜ್ ಹಾಕಿದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು, ಅರ್ಧ ಜನ ಕೇಳಿಯೇ ಇರಲಿಲ್ಲ. ಡ್ರಾಯಿಂಗ್ ಎಲ್ಲ ಲ್ಯಾಮಿನೇಟ್ ಮಾಡಿಸಿ ಕೊಟ್ಟೆ, ಅದರ ಮೇಲೆ ಊಟ ಮಾಡಿದರು. ತಪ್ಪಿಗೆ 200 ರೂಪಾಯಿ ದಂಡ ಅಂದೆ ನೋಡಿ, ಅದು ಎಲ್ಲಕ್ಕಿಂತ ದೊಡ್ಡ ದಡ್ಡತನ. ಎರಡು ತಿಂಗಳು ಸೈಟಲ್ಲಿ ಒಂದೂ ತಪ್ಪಿಲ್ಲ, ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಕಾಲಂ ಶೀಟ್ ಬಿಚ್ಚಿದ ಕೂಡಲೇ ಹನಿಕೋಂಬಿಗೆ (ಕಾಂಕ್ರೀಟಲ್ಲಿ ಉಳಿದ ತೂತುಗಳಿಗೆ) ಸಿಮೆಂಟ್ ಮೆತ್ತಿ ಮುಚ್ಚಿದ್ದು ಆಮೇಲೆ ಸಿಕ್ಕಿತು.

ಕೊನೆಗೆ ನೆನಪಾಗಿದ್ದು ನಮ್ಮ ದೊಡ್ಡಪ್ಪ. ಅರಸೀಕೆರೆ ಕಡೆ ರೈಲ್ವೆ ಗೇಟ್‌ಮ್ಯಾನ್ ಆಗಿದ್ದರು. ಸ್ಟೇಷನ್ ಮಾಸ್ಟರ್ ಫೋನ್ ಮಾಡಿದರೆ ಇವರು ‘ಆಯ್ತು’ ಅಂದರೆ ನಡೀತಿರಲಿಲ್ಲ. ಗೇಟ್ ಹಾಕಿದ ಮೇಲೆ ಹಾಳೆಯಲ್ಲಿರೋ ಪ್ರೈವೇಟ್ ನಂಬರ್ (ಗೇಟ್ ಹಾಕಿದ್ದಕ್ಕೆ ಗುರುತಿನ ನಂಬರ್) ಒಂದನ್ನ ಓದಿ ಹೇಳಿ, ಅದನ್ನ ಹೊಡೆದು ಹಾಕಬೇಕು. ಚಿಕ್ಕವನಿದ್ದಾಗ ಆ ಹಾಳೆ ಮುಟ್ಟಿದ್ದಕ್ಕೆ ಒದೆ ತಿಂದಿದ್ದೇನೆ.

ನಾನು ಮಾಡಿದ್ದೂ ಅಷ್ಟೇ. ಕೆಲಸ ಹೇಳಿದ ಮೇಲೆ ಅವರು ಆ ಜಾಗಕ್ಕೇ ಹೋಗಿ, ಕೈಯಿಟ್ಟು, ತಮ್ಮ ಮಾತಲ್ಲಿ ನನಗೆ ವಾಪಸ್ ಹೇಳಬೇಕು. ಮುಗಿದ ಮೇಲೆ ಫೋನಲ್ಲಿ ನಂಬರ್ ಹೇಳಬೇಕು. ಆ ನಂಬರ್ ಇರೋದು ಆ ಜಾಗದಲ್ಲೇ. ಕೆಲಸ ಮಾಡದೆ ಬರೀ ನಂಬರ್ ಓದಿಬಿಟ್ಟರೆ ಅಂತ ಕೇಳ್ತೀರಾ? ಓದೋಕಾಗಲ್ಲ. ಎಲ್ಲಿ, ಹೇಗೆ ಬರೀತೀನಿ ಅನ್ನೋದನ್ನ ಇಲ್ಲಿ ಹೇಳಲ್ಲ, ನಮ್ಮ ಹುಡುಗರೂ ಓದ್ತಾರೆ.

“ಏನ್ ಭಾವ, ರೈಲು ಓಡಿಸ್ತಿದ್ದೀರಾ?” ಅಂತ ಬಾಮೈದ ನಕ್ಕ. ಅವನೂ ಕಾಂಟ್ರಾಕ್ಟರ್ರೇ. ಮೇಸ್ತ್ರಿಗಂತೂ ಅವಮಾನವಾಯ್ತು. “ಇಪ್ಪತ್ತೆಂಟು ವರ್ಷ ಸೆಂಟ್ರಿಂಗ್ ಮಾಡಿದೀನಿ, ಸ್ಕೂಲ್ ಹುಡುಗನ ತರ ಪಾಠ ಒಪ್ಪಿಸ್ಬೇಕಾ?” ಅಂತ ಎರಡು ದಿನ ಬರಲೇ ಇಲ್ಲ. ಮನೆಗೆ ಹೋಗಿ ಕರೆದೆ. ಮೊದಲು ನಾನು ಒಪ್ಪಿಸ್ತೀನಿ ಅಂದೆ. ಅವನು ಶೀಟಿಗೆ ಆಸರೆ ಕೊಡೋ ಜಾಕಿ ಇಷ್ಟು, ಶೀಟ್ ಇಷ್ಟು ಅಂತ ಕೇಳೋದು, ನಾನು ಎಲ್ಲರ ಮುಂದೆ ಅದನ್ನ ತಿರುಗಿ ಹೇಳೋದು. ಮೊದಲ ದಿನವೇ ಎರಡು ಲೆಕ್ಕ ತಪ್ಪು ಹೇಳಿದೆ. ಹುಡುಗರಿಗೆ ಖುಷಿಯೋ ಖುಷಿ. ಅಲ್ಲಿಂದ ಯಾರೂ ಗೊಣಗಲಿಲ್ಲ.

ಹಿಂದೆ, ಮುಂದೆ, ಆ ಕಡೆ, ಈ ಕಡೆ ಅನ್ನೋ ಮಾತನ್ನೇ ಸೈಟಲ್ಲಿ ನಿಲ್ಲಿಸಿದೆ. ತೆಂಗಿನ ಮರದ ಬಾತ್‌ರೂಮ್, ಟ್ರಾನ್ಸ್‌ಫಾರ್ಮರ್ ಬಾತ್‌ರೂಮ್, ಅಷ್ಟೇ. ಬಿಹಾರದ ಕಂಬಿ ಹುಡುಗರ ಹತ್ತಿರ ‘ಕಲ್’ ಅನ್ನೋದನ್ನೂ ಬಿಟ್ಟೆ. ಅವರ ಹಿಂದಿಯಲ್ಲಿ ನಿನ್ನೆಗೂ ಕಲ್, ನಾಳೆಗೂ ಕಲ್, ನನ್ನ ಹಿಂದಿಯಲ್ಲಿ ಕ್ರಿಯಾಪದವೇ ಇರಲ್ಲ. ಈಗ ಸೋಮವಾರ, ಮಂಗಳವಾರ ಅಂತಲೇ ಹೇಳ್ತೀನಿ. ಕಂಬಿಗೂ ಹಾಗೇ. 10 ಎಂಎಂ ಅಂದರೆ ಸುಮ್ನೆ ತಲೆ ಆಡಿಸ್ತಾರೆ, ತೀನ್ ಸೂತ್ (ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ) ಅಂದರೆ ಸರಿಯಾದ ಕಂಬಿ ತರ್ತಾರೆ.

ತಂಗಿ ಮಗಳ ಮದುವೆಯಲ್ಲೂ ಇದನ್ನ ಪ್ರಯೋಗ ಮಾಡಿದೆ. ಅಡುಗೆ ಭಟ್ಟರಿಗೆ “ಹೋಳಿಗೆ ನಾನೂರು” ಅಂದೆ, “ತಿರುಗಿ ಹೇಳಿ ಭಟ್ರೇ” ಅಂದೆ. “ನಾನೂರು ಎಲೆಗೆ, ಎಲೆಗೆ ಎರಡು” ಅಂದರು. ಹೆಚ್ಚಿಗೆ ನಾನೂರು ಹೋಳಿಗೆ ಮಾಡೋದು ತಪ್ಪಿತು. ಭಟ್ಟರು ಮಾತ್ರ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಈ ಪದ್ಧತಿ ಶುರುವಾಗಿ ಒಂದೂವರೆ ವರ್ಷ, ಹದಿನಾಲ್ಕೋ ಹದಿನೈದೋ ಮೋಲ್ಡ್ ಹಾಕಿದೀವಿ. ಬಿಚ್ಚಿ ಮತ್ತೆ ಮಾಡಿದ್ದು ಒಂದೇ ಸಲ, ಖರ್ಚು ನಾಲ್ಕು ಸಾವಿರ ಇರಬಹುದು. ಅದೂ ಆವತ್ತು ಅವಸರಕ್ಕೆ ನಾನೇ ನಂಬರ್ ಕೇಳಿರಲಿಲ್ಲ. ನಕ್ಕಿದ್ದ ಬಾಮೈದ ಹೋದ ತಿಂಗಳು ಬಂದು “ಭಾವ, ಆ ನಂಬರ್ ವಿಷಯ ಸ್ವಲ್ಪ ಹೇಳಿ” ಅಂದ. ಅರ್ಧ ಹೇಳಿ ಕಳಿಸಿದೆ.

ಮೊನ್ನೆ ಓನರ್ ಕಡೆಯಿಂದ ದುಡ್ಡು ತಡವಾಯ್ತು. “ಶನಿವಾರ ಬಟವಾಡೆ ಗ್ಯಾರಂಟಿ” ಅಂದೆ. ಮೇಸ್ತ್ರಿ ಬೀಡಿ ಆರಿಸಿ, ಕಿವಿ ಹಿಂದಿನ ಪೆನ್ಸಿಲ್ ತೆಗೆದು ಕೂತ.

“ನಂಬರ್ ಹೇಳಿ ಸಾರ್.”