ಟೆನಿಸ್ ಆಟಗಾರರ ವೃತ್ತಿಜೀವನವನ್ನು ಓದುವ ಬಗೆ: ಕೇ ನಿಶಿಕೊರಿ ಅವರ ದಾಖಲೆಯನ್ನು ಮುಂದಿಟ್ಟುಕೊಂಡು

ಟೆನಿಸ್ ಆಟಗಾರರೊಬ್ಬರ ಬಗ್ಗೆ ನಾಲ್ಕು ಪ್ಯಾರಾ ಬರೆಯಬೇಕಾಗಿ ಬಂದಾಗ ನಮ್ಮಲ್ಲಿ ಹೆಚ್ಚಿನವರು ಪ್ರಶಸ್ತಿಗಳ ಸಂಖ್ಯೆ, ಏರಿದ ಅತ್ಯುನ್ನತ ರ‍್ಯಾಂಕಿಂಗ್, ಗ್ರ್ಯಾನ್‌ಸ್ಲಾಮ್‌ನಲ್ಲಿ ತಲುಪಿದ ಸುತ್ತು ಎಂಬ ಮೂರು ಅಂಕಿಗಳನ್ನು ಎತ್ತಿಕೊಂಡು ನಡುವೆ ವಿಶೇಷಣಗಳನ್ನು ತುಂಬಿಬಿಡುತ್ತೇವೆ. ಜಪಾನಿನ ಕೇ ನಿಶಿಕೊರಿ ಅವರ ಮಟ್ಟಿಗೆ ಆ ಮೂರು ಅಂಕಿಗಳು 12 ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ಸಿಂಗಲ್ಸ್ ಪ್ರಶಸ್ತಿ, ವಿಶ್ವದ 4ನೇ ಸ್ಥಾನ ಮತ್ತು 2014ರ ಅಮೆರಿಕ ಓಪನ್ ಫೈನಲ್. ಮೂರೂ ನಿಜವೇ. ಆದರೆ ಅವರು ಆಡಿದ ವಾರಗಳಷ್ಟೇ ಆಡಲಾಗದೆ ಹೋದ ವಾರಗಳೂ ಅವರ ಕಥೆಯನ್ನು ನಿರ್ಧರಿಸಿವೆ, ಮತ್ತು ಆ ವಾರಗಳು ಈ ಮೂರು ಅಂಕಿಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅವನ್ನೂ ಕಾಣುವಂತೆ ದಾಖಲೆಯನ್ನು ಓದುವುದು ಹೇಗೆ ಎಂಬುದನ್ನು ನಿಶಿಕೊರಿ ಅವರ ಉದಾಹರಣೆಯಿಂದಲೇ ಇಲ್ಲಿ ವಿವರಿಸುತ್ತೇನೆ. ಕ್ರೀಡಾ ವರದಿ ಬರೆಯುವವರಿಗೂ, ಸುಮ್ಮನೆ ಕುತೂಹಲದಿಂದ ಆಟ ನೋಡುವವರಿಗೂ ಇದೇ ಕ್ರಮ ಸಾಕು.

ಮೊದಲು ಹೆಸರು ಮತ್ತು ಹುಟ್ಟಿದ ದಿನವನ್ನು ಸರಿಪಡಿಸಿಕೊಳ್ಳಬೇಕು. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುವುದರಿಂದ ಅಲ್ಲಿ ಅವರು ‘ನಿಶಿಕೊರಿ ಕೇ’. ಎಟಿಪಿ ಪಟ್ಟಿಗಳಲ್ಲಿ ಅದು ಹಿಂದುಮುಂದಾಗಿರುತ್ತದೆ. ‘ಕೇ’ ಎಂಬ ಹೆಸರನ್ನು ಕನ್ನಡದಲ್ಲಿ ಕೀ, ಕೆಯ್, ಕೆಯಿ ಎಂದು ಹಲವು ಬಗೆಯಲ್ಲಿ ಬರೆಯಬಹುದಾದ್ದರಿಂದ ಹಳೆಯ ವರದಿಗಳನ್ನು ಹುಡುಕುವಾಗ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಬಾರದು. ಅವರು ಹುಟ್ಟಿದ್ದು 1989ರ ಡಿಸೆಂಬರ್ 29ರಂದು, ಶಿಮಾನೆ ಪ್ರಾಂತ್ಯದ ಮತ್ಸುಯೆ ಪಟ್ಟಣದಲ್ಲಿ. ವರ್ಷದ ಕೊನೆಯ ವಾರದಲ್ಲಿ ಹುಟ್ಟಿದವರ ವಯಸ್ಸನ್ನು ಇಸವಿಯಿಂದ ಇಸವಿ ಕಳೆದು ಹೇಳಿದರೆ ಬಹುಪಾಲು ತಪ್ಪೇ ಆಗುತ್ತದೆ: ನ್ಯೂಯಾರ್ಕ್‌ನಲ್ಲಿ ಫೈನಲ್ ಆಡಿದಾಗ ಅವರಿಗೆ 25 ಅಲ್ಲ, 24.

ಮುಂದಿನ ಪ್ರಶ್ನೆ, ಆಟ ಕಲಿಯಲು ಹಣ ಮತ್ತು ಅಂಗಳ ಎಲ್ಲಿಂದ ಬಂದವು ಎಂಬುದು. ಇದನ್ನು ಕೇಳದೆ ಹೋಗುವವರೇ ಹೆಚ್ಚು. ನಿಶಿಕೊರಿ ಐದನೆಯ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿದರು. ಸೋನಿ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಅಕಿಯೊ ಮೊರಿಟಾ ಅವರ ತಮ್ಮ ಮಸಾಆಕಿ ಮೊರಿಟಾ ಅವರ ಹೆಸರಿನ ಟೆನಿಸ್ ನಿಧಿಯ ನೆರವಿನಿಂದ 2003ರಲ್ಲಿ ಅಮೆರಿಕದ ಫ್ಲಾರಿಡಾದ ಬ್ರೇಡೆಂಟನ್‌ನಲ್ಲಿರುವ ಐಎಂಜಿ ಅಕಾಡೆಮಿಗೆ ಹೋದರು. ಆಗ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಿಧಿಯು ಯಾರನ್ನು ಆರಿಸಿತು, ಎಲ್ಲಿಗೆ ಕಳುಹಿಸಿತು ಎಂಬುದು ತಿಳಿದರೆ, ಎತ್ತರ 178 ಸೆಂಟಿಮೀಟರ್ ಮಾತ್ರ ಇರುವ ಜಪಾನಿ ಹುಡುಗನೊಬ್ಬ ಫ್ಲಾರಿಡಾದ ಗಟ್ಟಿ ಅಂಗಳಗಳ ಮೇಲೆ ಚೆಂಡನ್ನು ಅದು ನೆಲಕ್ಕೆ ಬಡಿದು ಏರುವಾಗಲೇ ಹೊಡೆಯುವ ಆಟವನ್ನು ಏಕೆ ರೂಢಿಸಿಕೊಂಡ ಎಂಬುದೂ ಅರ್ಥವಾಗತೊಡಗುತ್ತದೆ.

ಹಾಳೆ ಸಿದ್ಧಪಡಿಸುವುದು

ಎಟಿಪಿ ಜಾಲತಾಣದಲ್ಲಿ ಪ್ರತಿ ಆಟಗಾರರ ಪುಟದಲ್ಲೂ ಆಡಿದ ಪಂದ್ಯಗಳ ಪಟ್ಟಿ ಮತ್ತು ವಾರವಾರದ ರ‍್ಯಾಂಕಿಂಗ್ ಪಟ್ಟಿ ಇರುತ್ತವೆ. ಅವುಗಳಿಂದ ಒಂದು ಹಾಳೆಗೆ ಟೂರ್ನಿಯ ಹೆಸರು, ಅದರ ದರ್ಜೆ, ಅಂಗಳದ ಬಗೆ, ಸುತ್ತು, ಎದುರಾಳಿ, ಆ ವಾರ ಎದುರಾಳಿಯ ರ‍್ಯಾಂಕಿಂಗ್, ಸ್ಕೋರು ಇಷ್ಟನ್ನು ಇಳಿಸಿಕೊಳ್ಳಿ. ಆಡದ ವಾರಗಳಿಗೂ ಸಾಲು ಬಿಡಿ, ಖಾಲಿಯಾಗಿಯೇ ಇರಲಿ. ನಾನು ಆ ಖಾಲಿ ಸಾಲುಗಳ ಅಂಚಿಗೆ ಕೆಂಪು ಗೆರೆ ಎಳೆಯುತ್ತೇನೆ; ನಿಶಿಕೊರಿ ಅವರ ಹಾಳೆಯಲ್ಲಿ ಕೆಂಪು ಬೇಗ ಖರ್ಚಾಗುತ್ತದೆ.

ಹೆಸರಿನ ಮುಂದೆ ಬರುವ ಚಿಕ್ಕ ಅಕ್ಷರಗಳನ್ನು ಕಡೆಗಣಿಸಬಾರದು. ‘ಕ್ಯೂ’ ಎಂದರೆ ಅರ್ಹತಾ ಸುತ್ತು ದಾಟಿ ಬಂದವರು, ‘ಡಬ್ಲ್ಯೂಸಿ’ ಎಂದರೆ ಸಂಘಟಕರು ಕೊಟ್ಟ ವೈಲ್ಡ್‌ಕಾರ್ಡ್ (ನೇರ ಪ್ರವೇಶ), ‘ಪಿಆರ್’ ಎಂದರೆ ಗಾಯಗೊಂಡವರಿಗೆ ಕಾಯ್ದಿರಿಸಿದ ರ‍್ಯಾಂಕಿಂಗ್. 2008ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಡೆಲ್ರೆ ಬೀಚ್ ಟೂರ್ನಿಯಲ್ಲಿ ನಿಶಿಕೊರಿ ಹೆಸರಿನ ಮುಂದೆ ‘ಕ್ಯೂ’ ಇತ್ತು, ರ‍್ಯಾಂಕಿಂಗ್ 244, ವಯಸ್ಸು 18. ಫೈನಲ್‌ನಲ್ಲಿ ಅಗ್ರ ಸೀಡ್‌ನ (ಡ್ರಾದಲ್ಲಿ ಮೊದಲ ಶ್ರೇಯಾಂಕ ಪಡೆದ) ಜೇಮ್ಸ್ ಬ್ಲೇಕ್ ಅವರನ್ನು 3–6, 6–1, 6–4ರಿಂದ ಸೋಲಿಸಿದ ಆ ಗೆಲುವು ‘ಮೊದಲ ಪ್ರಶಸ್ತಿ’ ಎಂಬ ಎರಡು ಪದಗಳಲ್ಲಿ ಮುಗಿಯುವಂಥದ್ದಲ್ಲ; ಮುಖ್ಯ ಸುತ್ತಿನ ಐದು ಪಂದ್ಯಗಳಿಗೆ ಮುನ್ನ ಅರ್ಹತಾ ಸುತ್ತಿನ ಪಂದ್ಯಗಳನ್ನೂ ಅವರು ಆಡಿ ಮುಗಿಸಿದ್ದರು. 1992ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಶೂಜೊ ಮತ್ಸುವೊಕಾ ಗೆದ್ದ ಮೇಲೆ ಜಪಾನಿನ ಪುರುಷರೊಬ್ಬರಿಗೆ ಎಟಿಪಿ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಸ್ಕೋರಿನ ಕೊನೆಯಲ್ಲಿ ‘ಆರ್‌ಇಟಿ’ ಎಂದಿದ್ದರೆ ಒಬ್ಬರು ಪಂದ್ಯದ ನಡುವೆ ಹಿಂದೆ ಸರಿದಿದ್ದಾರೆ ಎಂದರ್ಥ. 2014ರ ಮ್ಯಾಡ್ರಿಡ್ ಮಾಸ್ಟರ್ಸ್ (ಗ್ರ್ಯಾನ್‌ಸ್ಲಾಮ್‌ಗಿಂತ ಕೆಳಗಿನ ದೊಡ್ಡ ದರ್ಜೆಯ ಟೂರ್ನಿ) ಫೈನಲ್ ನೋಡಿ: ರಫೆಲ್ ನಡಾಲ್ ಗೆದ್ದದ್ದು 2–6, 6–4, 3–0, ಆರ್‌ಇಟಿ. ಮೇಲ್ನೋಟಕ್ಕೆ ಇದೊಂದು ಸೋಲು. ಆದರೆ ಮೊದಲ ಸೆಟ್ 6–2ರಿಂದ ಗೆದ್ದು ಎರಡನೆಯದರಲ್ಲಿ 4–2ರಿಂದ ಮುಂದಿದ್ದವರು ನಿಶಿಕೊರಿ, ಅದೂ ಮಣ್ಣಿನಂಗಳದಲ್ಲಿ ನಡಾಲ್ ಎದುರು, ಸ್ಪೇನಿನಲ್ಲೇ. ಅಲ್ಲಿಂದ ಮುಂದೆ ಬೆನ್ನುನೋವು ಅವರನ್ನು ಬಿಡಲಿಲ್ಲ. ಇಂಥ ಸಾಲಿನ ಪಕ್ಕದಲ್ಲಿ ಸೋತ ಗಳಿಗೆಯ ಸ್ಕೋರನ್ನಷ್ಟೇ ಅಲ್ಲ, ನೋವು ಶುರುವಾದ ಗಳಿಗೆಯ ಸ್ಕೋರನ್ನೂ ಬರೆದಿಡಬೇಕು. ಅದೇ ವಾರ ಅವರು ಮೊದಲ ಹತ್ತರೊಳಗೆ ಬಂದರು ಎಂಬುದನ್ನೂ ಪಕ್ಕದಲ್ಲೇ ಸೇರಿಸಿ.

ರ‍್ಯಾಂಕಿಂಗ್ ಮತ್ತು ಖಾಲಿ ವಾರಗಳು

ಎಟಿಪಿ ರ‍್ಯಾಂಕಿಂಗ್ ಕಳೆದ 52 ವಾರಗಳ ಲೆಕ್ಕ. ಒಂದು ಟೂರ್ನಿಯಲ್ಲಿ ಗಳಿಸಿದ ಪಾಯಿಂಟ್‌ಗಳು ಮರುವರ್ಷ ಅದೇ ವೇಳೆಗೆ ಕಳಚಿಬೀಳುತ್ತವೆ. ಹಾಗಾಗಿ ಅಂಕಿ ಯಾವಾಗಲೂ ಸ್ವಲ್ಪ ಹಿಂದಿನ ಸುದ್ದಿಯನ್ನೇ ಹೇಳುತ್ತದೆ. 2017ರ ಆಗಸ್ಟ್‌ನಲ್ಲಿ ಬಲ ಮಣಿಕಟ್ಟಿಗೆ ಗಾಯವಾಗಿ ನಿಶಿಕೊರಿ ಆ ವರ್ಷ ಮತ್ತೆ ಆಡಲೇ ಇಲ್ಲ, ಹಿಂದಿನ ವರ್ಷದ ಅಮೆರಿಕ ಓಪನ್ ಸೆಮಿಫೈನಲ್‌ನ 720 ಪಾಯಿಂಟ್‌ಗಳೂ ಹೋದವು. ಆದರೂ ವರ್ಷಾಂತ್ಯದಲ್ಲಿ ಅವರು 22ನೇ ಸ್ಥಾನದಲ್ಲಿದ್ದರು, ಏಕೆಂದರೆ ವರ್ಷದ ಮೊದಲ ಭಾಗದ ಗಳಿಕೆ ಇನ್ನೂ ಉಳಿದಿತ್ತು. ಪೆಟ್ಟು ಪೂರ್ತಿ ಕಂಡದ್ದು 2018ರ ವಸಂತದಲ್ಲಿ. ಆ ಹೊತ್ತಿಗಾಗಲೇ ಅವರು ಎಟಿಪಿ ಟೂರ್ನಿಗಳಿಗಿಂತ ಕೆಳಗಿನ ಚಾಲೆಂಜರ್ ಮಟ್ಟದಿಂದ ಮತ್ತೆ ಶುರುಮಾಡಿ, ಡಲ್ಲಾಸ್‌ನಲ್ಲಿ ಗೆದ್ದು, ಏಪ್ರಿಲ್‌ನಲ್ಲಿ ಮಾಂಟೆ ಕಾರ್ಲೊ ಫೈನಲ್ ತಲುಪಿದ್ದರು. ಆ ವರ್ಷದ ಕೊನೆಗೆ 9ನೇ ಸ್ಥಾನ. ಅಂಕಿ ಕೆಳಗಿದ್ದಾಗ ಆಟ ಮೇಲಿತ್ತು, ಅಂಕಿ ಮೇಲಿದ್ದಾಗ ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದರು. 2020 ಮತ್ತು 2021ರ ಪಟ್ಟಿಗಳನ್ನಂತೂ ಬೇರೆಯಾಗಿಯೇ ಓದಬೇಕು, ಕೋವಿಡ್‌ನಿಂದಾಗಿ 52 ವಾರಗಳ ನಿಯಮವನ್ನೇ ಸಡಿಲಿಸಲಾಗಿತ್ತು.

ಈಗ ಕೆಂಪು ಗೆರೆಗಳಿಗೆ ಬನ್ನಿ. 2009ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2010ರ ಆರಂಭದಲ್ಲಿ ಅವರ ಹೆಸರು ರ‍್ಯಾಂಕಿಂಗ್ ಪಟ್ಟಿಯಿಂದಲೇ ಮಾಯವಾಗಿ, ವರ್ಷಾಂತ್ಯಕ್ಕೆ 98ಕ್ಕೆ ಮರಳಿತು. 2017ರಲ್ಲಿ ಮಣಿಕಟ್ಟು. 2019ರ ಅಕ್ಟೋಬರ್‌ನಲ್ಲಿ ಮತ್ತೆ ಮೊಣಕೈ. 2022ರ ಜನವರಿಯಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ, ಆ ಬಳಿಕ ಇಡೀ ವರ್ಷ ಒಂದೂ ಪಂದ್ಯವಿಲ್ಲ. ಪ್ರತಿ ಖಾಲಿ ಜಾಗದ ಎರಡೂ ಬದಿಯಲ್ಲಿರುವ ಮೂರು ಮೂರು ಟೂರ್ನಿಗಳನ್ನು ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ: ಮರಳುವಾಗ ನೇರವಾಗಿ ದೊಡ್ಡ ಅಂಗಳಕ್ಕೆ ಇಳಿದರೇ, ಚಾಲೆಂಜರ್‌ನಿಂದ ಹತ್ತಿದರೇ, ಕಾಯ್ದಿರಿಸಿದ ರ‍್ಯಾಂಕಿಂಗ್ ಬಳಸಿದರೇ? ಆರು ತಿಂಗಳಿಗೂ ಹೆಚ್ಚು ಕಾಲ ಆಡಲಾಗದವರಿಗೆ ಸಿಗುವ ಈ ಸೌಲಭ್ಯ ಟೂರ್ನಿಯ ಬಾಗಿಲು ತೆರೆಯುತ್ತದೆಯೇ ಹೊರತು ಸೀಡ್ ಕೊಡುವುದಿಲ್ಲ, ಆದ್ದರಿಂದ ಮೊದಲ ಸುತ್ತಿನಲ್ಲೇ ಯಾರು ಬೇಕಾದರೂ ಎದುರಾಗಬಹುದು.

ಸೋತ ಫೈನಲ್‌ಗಳನ್ನು ಬೇರ್ಪಡಿಸುವುದು

2016ರ ಫೆಬ್ರುವರಿಯಲ್ಲಿ ಮೆಂಫಿಸ್‌ನಲ್ಲಿ ಸತತ ನಾಲ್ಕನೇ ಬಾರಿ ಗೆದ್ದ ಮೇಲೆ 2019ರ ಜನವರಿಯವರೆಗೆ ನಿಶಿಕೊರಿ ಒಂದೂ ಪ್ರಶಸ್ತಿ ಗೆಲ್ಲಲಿಲ್ಲ. ಒಂಬತ್ತು ಫೈನಲ್‌ಗಳನ್ನು ಒಂದರ ಹಿಂದೊಂದು ಸೋತರು. ‘ಫೈನಲ್‌ನಲ್ಲಿ ಎಡವುವ ಆಟಗಾರ’ ಎಂದು ಬರೆದುಬಿಡುವುದು ಸುಲಭ. ಹಾಗೆ ಬರೆಯುವ ಮುನ್ನ ಎದುರಾಳಿಗಳ ಕಾಲಂ ನೋಡಬೇಕು. ಮಯಾಮಿ ಮತ್ತು ಟೊರಾಂಟೊದಲ್ಲಿ ನೊವಾಕ್ ಜೊಕೊವಿಚ್, ಬಾರ್ಸಿಲೋನಾ ಮತ್ತು ಮಾಂಟೆ ಕಾರ್ಲೊದಲ್ಲಿ ನಡಾಲ್. ಈ ನಾಲ್ಕನ್ನು ಒಂದು ಗುಂಪಿಗೆ ಹಾಕಿ, ಅಲ್ಲಿ ಸೋತವರ ಸಾಲು ಬಹಳ ಉದ್ದವಿದೆ. ಬಾಸೆಲ್‌ನಲ್ಲಿ ಮರಿನ್ ಚಿಲಿಚ್, ಬ್ರಿಸ್ಬೇನ್‌ನಲ್ಲಿ ಗ್ರಿಗೊರ್ ಡಿಮಿಟ್ರೊವ್, ಟೋಕಿಯೊದಲ್ಲಿ ಡೇನಿಲ್ ಮೆಡ್ವೆಡೆವ್, ವಿಯೆನ್ನಾದಲ್ಲಿ ಕೆವಿನ್ ಆ್ಯಂಡರ್ಸನ್ ಎದುರಿನ ಸೋಲುಗಳು ಬೇರೆ ಗುಂಪು. ಬ್ಯೂನಸ್ ಐರಿಸ್‌ನಲ್ಲಿ ಅಲೆಕ್ಸಾಂಡರ್ ದೊಲ್ಗೊಪೊಲೊವ್ ಎದುರು ಸೋತದ್ದಕ್ಕೆ ಮಾತ್ರ ನೆಪ ಹುಡುಕುವುದು ಕಷ್ಟ. ಸರಣಿ ಮುಗಿದದ್ದು ಬ್ರಿಸ್ಬೇನ್‌ನಲ್ಲಿ, ಟೋಕಿಯೊದಲ್ಲಿ ತಮ್ಮನ್ನು ಮಣಿಸಿದ್ದ ಮೆಡ್ವೆಡೆವ್ ಅವರನ್ನೇ ಮೂರು ಸೆಟ್‌ಗಳಲ್ಲಿ ಸೋಲಿಸಿ. ಮಾಸ್ಟರ್ಸ್ ದರ್ಜೆಯ ನಾಲ್ಕು ಫೈನಲ್‌ಗಳಲ್ಲಿ ಒಂದನ್ನೂ ಅವರು ಗೆದ್ದಿಲ್ಲ ಎಂಬುದೂ ಸತ್ಯ, ಅದನ್ನು ಮುಚ್ಚಿಡಬೇಕಿಲ್ಲ.

ಒಂದು ಟೂರ್ನಿಯನ್ನಾದರೂ ಸುತ್ತು ಸುತ್ತಾಗಿ ಬಿಡಿಸಿ ನೋಡಬೇಕು. 2014ರ ಅಮೆರಿಕ ಓಪನ್ ಇದಕ್ಕೆ ಹೇಳಿಮಾಡಿಸಿದಂತಿದೆ. ಬಲಗಾಲಿನ ಹೆಬ್ಬೆರಳಿನ ಬಳಿಯ ಗಂಟನ್ನು ತೆಗೆಸಿಕೊಂಡು ಕೆಲವೇ ವಾರಗಳಾಗಿದ್ದವು. ನಾಲ್ಕನೇ ಸುತ್ತಿನಲ್ಲಿ ಮಿಲೊಸ್ ರಾವೊನಿಚ್ ಎದುರಿನ ಐದು ಸೆಟ್‌ಗಳ ಪಂದ್ಯ ಮುಗಿದಾಗ ನ್ಯೂಯಾರ್ಕ್‌ನಲ್ಲಿ ಬೆಳಗಿನ ಜಾವ 2 ಗಂಟೆ 26 ನಿಮಿಷ. ಕ್ವಾರ್ಟರ್‌ಫೈನಲ್‌ನಲ್ಲಿ ಸ್ಟಾನ್ ವಾವ್ರಿಂಕಾ ಎದುರು ಮತ್ತೆ ಐದು ಸೆಟ್, ಮತ್ತೆ ನಾಲ್ಕು ಗಂಟೆಗೂ ಹೆಚ್ಚು. ಸೆಮಿಫೈನಲ್‌ನಲ್ಲಿ ಅಗ್ರ ಸೀಡ್ ಜೊಕೊವಿಚ್ ಅವರನ್ನು 6–4, 1–6, 7–6, 6–3ರಿಂದ ಕೆಡವಿದರು. ಫೈನಲ್‌ನಲ್ಲಿ ಚಿಲಿಚ್ 6–3, 6–3, 6–3ರಿಂದ ಎರಡು ಗಂಟೆಯೊಳಗೆ ಎಲ್ಲವನ್ನೂ ಮುಗಿಸಿದರು. ಕಾಲಂಗೆ ಅವಧಿಯನ್ನೂ ಸೇರಿಸಿಕೊಂಡಿದ್ದರೆ ದಣಿವು ಕಣ್ಣಿಗೆ ಕಾಣುತ್ತದೆ. ಆದರೆ ದಣಿವೊಂದೇ ಕಾರಣವೆಂದು ಷರಾ ಬರೆಯುವುದು ಚಿಲಿಚ್ ಅವರಿಗೆ ಅನ್ಯಾಯ, ಅವರು ಸೆಮಿಫೈನಲ್‌ನಲ್ಲಿ ರೋಜರ್ ಫೆಡರರ್ ಅವರನ್ನೂ ನೇರ ಸೆಟ್‌ಗಳಲ್ಲಿ ಸೋಲಿಸಿ ಬಂದಿದ್ದರು.

ಇನ್ನೊಂದು ಪಂದ್ಯವನ್ನು ಇಡಿಯಾಗಿ ನೋಡಿ ಎಂದು ನಾನು ಒತ್ತಾಯಿಸುವುದು 2019ರ ಆಸ್ಟ್ರೇಲಿಯಾ ಓಪನ್‌ನ ನಾಲ್ಕನೇ ಸುತ್ತನ್ನು. ಪಾಬ್ಲೊ ಕರೆನೊ ಬುಸ್ಟಾ ಎದುರು ಎರಡು ಸೆಟ್ ಹಿಂದಿದ್ದ ನಿಶಿಕೊರಿ ಐದನೆಯದರಲ್ಲಿ ಸೆಟ್ ನಿರ್ಧರಿಸುವ ಹತ್ತು ಪಾಯಿಂಟ್‌ಗಳ ಟೈಬ್ರೇಕ್‌ಗೆ ಹೋಗಿ, ಅಲ್ಲಿ 5–8ರಿಂದ ಹಿಂದಿದ್ದರು. ಆ ಹೊತ್ತಿಗೆ ಅಂಪೈರ್ ತೀರ್ಪಿನ ಬಗ್ಗೆ ಎದುರಾಳಿಯ ವಾಗ್ವಾದ ಶುರುವಾಯಿತು, ನಿಶಿಕೊರಿ ಸತತ ಐದು ಪಾಯಿಂಟ್ ಗೆದ್ದು 10–8ರಿಂದ ಪಂದ್ಯ ಮುಗಿಸಿದರು, ಕರೆನೊ ಬುಸ್ಟಾ ತಮ್ಮ ಚೀಲವನ್ನು ಅಂಗಳಕ್ಕೆ ಎಸೆದು ಹೊರಟರು. ಐದು ಗಂಟೆ ದಾಟಿದ ಆ ಪಂದ್ಯ ಆ ಟೂರ್ನಿಯಲ್ಲಿ ಅವರು ಐದನೇ ಸೆಟ್‌ವರೆಗೆ ಆಡಿದ ಮೂರನೆಯದು. ಕ್ವಾರ್ಟರ್‌ಫೈನಲ್‌ನಲ್ಲಿ ಜೊಕೊವಿಚ್ ಎದುರು 1–6, 1–4 ಆದಾಗ ಅವರು ಹಿಂದೆ ಸರಿದರು. ನಿರ್ಣಾಯಕ ಸೆಟ್‌ಗಳಲ್ಲಿ ನಿಶಿಕೊರಿ ಅವರ ಗೆಲುವಿನ ಪ್ರಮಾಣ ಈ ಕಾಲದ ಅತ್ಯುತ್ತಮ ಪ್ರಮಾಣಗಳಲ್ಲಿ ಒಂದು ಎಂದು ಹೊಗಳುವವರು ಅದರ ಪಕ್ಕದಲ್ಲೇ ‘ಆರ್‌ಇಟಿ’ಗಳನ್ನೂ ಎಣಿಸಿ ಬರೆಯಬೇಕು.

‘ಮೊದಲಿಗರು’ ಎಂದು ಬರೆಯುವ ಮುನ್ನ

ನಿಶಿಕೊರಿ ಬಗೆಗಿನ ಬರಹಗಳಲ್ಲಿ ಹೆಚ್ಚು ತಪ್ಪಾಗುವುದು ಈ ಪದದಲ್ಲಿ. ಮೊದಲ ಹತ್ತರೊಳಗೆ ಬಂದ ಮೊದಲ ಜಪಾನಿ ಪುರುಷ ಅವರು. ಮೊದಲ ಜಪಾನಿ ಅಲ್ಲ, ಏಕೆಂದರೆ ಕಿಮಿಕೊ ದಾತೆ 1995ರಲ್ಲೇ ಮಹಿಳೆಯರಲ್ಲಿ 4ನೇ ಸ್ಥಾನ ತಲುಪಿದ್ದರು. ಮೊದಲ ಏಷ್ಯನ್ ಪುರುಷನೂ ಅಲ್ಲ, ಥಾಯ್ಲೆಂಡಿನ ಪರಡೋರ್ನ್ ಶ್ರೀಚಾಫನ್ 2003ರಲ್ಲಿ 9ನೇ ಸ್ಥಾನದಲ್ಲಿದ್ದರು. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಫೈನಲ್ ವಿಷಯದಲ್ಲಿ ‘ಏಷ್ಯಾದ ದೇಶವೊಂದನ್ನು ಪ್ರತಿನಿಧಿಸಿದ ಮೊದಲ ಪುರುಷ’ ಎಂದು ಪೂರ್ತಿಯಾಗಿ ಬರೆಯಬೇಕು: ಚೀನಾದ ಲಿ ನಾ 2011ರಲ್ಲೇ ಫ್ರೆಂಚ್ ಓಪನ್ ಗೆದ್ದಿದ್ದರು, ನಿಶಿಕೊರಿ ಅವರಿಗೆ ಕೋಚ್ ಆಗಿದ್ದ ಮೈಕಲ್ ಚಾಂಗ್ 1989ರಲ್ಲಿ ಗೆದ್ದದ್ದು ಅಮೆರಿಕದ ಆಟಗಾರನಾಗಿ. 1930ರ ದಶಕದ ಜಿರೊ ಸಾತೊ ಅವರನ್ನು ವಿಶ್ವದ 3ನೆಯವರೆಂದು ಹೇಳುವುದುಂಟು. ಅದು ಪತ್ರಕರ್ತರು ಮಾಡಿದ ಪಟ್ಟಿ, ಕಂಪ್ಯೂಟರ್ ರ‍್ಯಾಂಕಿಂಗ್ ಶುರುವಾದದ್ದು 1973ರಲ್ಲಿ, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಡಾಲ್ ಅವರನ್ನು ಸೋಲಿಸಿ ಗೆದ್ದ ಕಂಚು ಜಪಾನಿನ ಮೊದಲ ಟೆನಿಸ್ ಪದಕವಲ್ಲ, 1920ರ ಆಂಟ್ವರ್ಪ್ ನಂತರದ ಮೊದಲನೆಯದು. ಕೊಡಗಿನ ರೋಹನ್ ಬೋಪಣ್ಣ, ಸಾನಿಯಾ ಮಿರ್ಜಾ ಜೋಡಿ ಮಿಶ್ರ ಡಬಲ್ಸ್‌ನ ಕಂಚಿನ ಪಂದ್ಯ ಸೋತು ಬರಿಗೈಯಲ್ಲಿ ಮರಳಿದ್ದು ಅದೇ ರಿಯೊದಿಂದ ಎಂದು ನೆನಪಿರುವ ಓದುಗರಿಗೆ, ಮೂರನೇ ಸ್ಥಾನದ ಆ ಒಂದು ಪಂದ್ಯದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಅತ್ಯುನ್ನತ ಸ್ಥಾನದ ದಿನಾಂಕವನ್ನು ಬರೆದ ಕೂಡಲೇ ಹಾಳೆಯನ್ನು ಮಡಚಿಡಬೇಡಿ. 2015ರ ಮಾರ್ಚ್ 2ರಂದು 4ನೇ ಸ್ಥಾನ ತಲುಪಿದ ಮೇಲಿನ ಪುಟಗಳಲ್ಲೇ ಈ ಆಟಗಾರ ಹೆಚ್ಚು ಸ್ಪಷ್ಟವಾಗಿ ಕಾಣುತ್ತಾರೆ. 2023ರ ಜೂನ್‌ನಲ್ಲಿ, 33ನೇ ವಯಸ್ಸಿನಲ್ಲಿ, ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರೇ ಇಲ್ಲದೆ ಪೋರ್ಟೊ ರಿಕೊದ ಚಾಲೆಂಜರ್ ಟೂರ್ನಿ ಗೆದ್ದರು. 2024ರ ಫ್ರೆಂಚ್ ಓಪನ್‌ಗೆ ‘ಪಿಆರ್’ ಎಂಬ ಎರಡಕ್ಷರದ ನೆರವಿನಿಂದ ಬಂದು ಮೊದಲ ಸುತ್ತನ್ನು ಐದು ಸೆಟ್‌ಗಳಲ್ಲಿ ಗೆದ್ದರು, ಎರಡನೇ ಸುತ್ತಿನಲ್ಲಿ ಹಿಂದೆ ಸರಿದರು. 2025ರ ಜನವರಿಯ ಮೊದಲ ವಾರದಲ್ಲಿ ಹಾಂಗ್‌ಕಾಂಗ್‌ನಲ್ಲಿ, ಆರು ವರ್ಷಗಳ ನಂತರ, ಮತ್ತೊಂದು ಎಟಿಪಿ ಫೈನಲ್ ಆಡಿ ಅಲೆಕ್ಸಾಂಡ್ರೆ ಮುಲ್ಲರ್ ಎದುರು ಮೂರು ಸೆಟ್‌ಗಳಲ್ಲಿ ಸೋತರು, ಮೊದಲ ನೂರರೊಳಗೆ ಮರಳಿದರು. ಆ ಸಾಲನ್ನು ಬರೆಯುವಾಗ ವಯಸ್ಸಿನ ಕಾಲಂನಲ್ಲಿ 35 ಎಂದು ತುಂಬಿ. ಹುಟ್ಟುಹಬ್ಬ ಕಳೆದು ಆಗಿನ್ನೂ ಒಂದೇ ವಾರವಾಗಿತ್ತು.